ಮಂಗ ಸತ್ತ ಸುದ್ದಿ ಅವತ್ತೇ ಹೇಳಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲಿನ ಟೈಮಲ್ಲೂ ಇಷ್ಟು ಜನ ಬಂದು ಕೂತಿದೀರಿ, ನಂಗೆ ಅದೇ ಖುಷಿ. ಮಂಗನ ಕಾಯಿಲೆ, ಅದೇ ಕಾಡಿಂದ ಬರೋ ಈ ಜ್ವರ, ಅಂದ್ರೇನು ಅಂತ ಸಾಗರ, ಸೊರಬ, ತೀರ್ಥಹಳ್ಳಿಯೋರಿಗೆ ಪಾಠ ಮಾಡೋದು ಬೇಡ. ನಾನು ಹೇಳೋಕೆ ಬಂದಿದ್ದು ಒಂದೇ, ಮಂಗ ಸತ್ತು ಬಿದ್ದಿದ್ದು ಕಂಡ್ರೆ ಅವತ್ತೇ ಹೇಳಿ.

1957ರಲ್ಲಿ ಈ ಕಾಯಿಲೆ ಗೊತ್ತಾಗಿದ್ದೇ ಹಂಗೆ. ಸೊರಬದ ಕ್ಯಾಸನೂರು ಕಾಡಲ್ಲಿ ಕಪ್ಪು ಮುಖದ ಮುಸಿಯ, ಕೋತಿ ಎಲ್ಲ ಸಾಯ್ತಿದ್ವು, ಸುತ್ತಲ ಹಳ್ಳೀಲಿ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದೋರು ಬಂದ್ರು. ಮಂಗನೂ ಸಾಯ್ತಿದೆ ಮನುಷ್ಯನೂ ಸಾಯ್ತಿದಾನೆ ಅಂದ್ಕೂಡ್ಲೆ ಅವರಿಗೆ ಸೊಳ್ಳೆಯಿಂದ ಹರಡೋ ಹಳದಿ ಜ್ವರದ ಭಯ, ಆಫ್ರಿಕಾದ್ದು ಏಷ್ಯಾಕ್ಕೂ ಬಂದೇಬಿಡ್ತಾ ಅಂತ. ಕೊನೆಗೆ ನೋಡಿದ್ರೆ ಹರಡ್ತಿದ್ದಿದ್ದು ಸೊಳ್ಳೆ ಅಲ್ಲ, ರಕ್ತ ಹೀರೋ ಉಣುಗು, ರಷ್ಯಾ ಕಡೆ ಉಣುಗಿಂದ ಬರೋ ಮೆದುಳು ಜ್ವರದ ಬಳಗದ್ದೇ ಹೊಸ ವೈರಸ್ಸು. ವಿಜ್ಞಾನಿಗಳ ಕೆಲಸ ದೊಡ್ಡದು, ಆದ್ರೆ ಮೊದಲ ಸುಳಿವು ಕೊಟ್ಟಿದ್ದು ಆ ಸತ್ತ ಮಂಗಗಳು.

ನಮ್ಮ ಚಿಕ್ಕಪ್ಪಂದು ಹೇಳ್ತೀನಿ, ಸ್ವಲ್ಪ ಉದ್ದ ಆದ್ರೂ ಕೇಳಿ. ಬೇಸಿಗೇಲಿ ಕೊಟ್ಟಿಗೆಗೆ ದರಗು, ಅಂದ್ರೆ ಒಣಗಿದ ಎಲೆ, ತರೋಕೆ ಬೆಟ್ಟಕ್ಕೆ ಹೋದೋರು, ಮುಸಿಯ ಒಂದು ಸತ್ತು ಬಿದ್ದಿತ್ತು. ಹನುಮಂತನ ಕುಲ, ನಾಯಿ ಪಾಲಾಗೋಕೆ ಬಿಡ್ತಾರಾ? ಕಂಬಳೀಲಿ ಸುತ್ತಿ, ಹೆಗಲ ಮೇಲೆ ಹೊತ್ಕೊಂಡು ಬಂದ್ರು. ಊರೋರೆಲ್ಲ ಸೇರಿ ಅರಿಶಿನ ಕುಂಕುಮ ಹಚ್ಚಿ, ಬಾಯಿಗೆ ಹಾಲು ಬಿಟ್ಟು, ತೆಂಗಿನಕಾಯಿ ಒಡೆದು ಮಣ್ಣು ಮಾಡಿದ್ರು, ನಮ್ಮಜ್ಜಿಯಂತೂ ಮನೆ ಮಗ ಹೋದಂಗೆ ಅತ್ತಿದ್ರು. ಆರನೇ ದಿನಕ್ಕೆ ಚಿಕ್ಕಪ್ಪಂಗೆ ಜ್ವರ, ತಲೆ ಸಿಡಿಯೋ ನೋವು, ಮೈಕೈ ಮುರಿದು ಹಾಕಿದಂಗೆ, ವಸಡಲ್ಲಿ ರಕ್ತ. ಜ್ವರ ಬಿಡ್ತು ಅಂತ ಎದ್ದು ಗಂಜಿ ಕುಡಿದ್ರು, ಎರಡು ವಾರಕ್ಕೆ ಮತ್ತೆ ಬಂತು, ಈ ಸಲ ಕೈ ನಡುಕ, ಏನೇನೋ ಮಾತು. ಬದುಕಿದ್ರು ಅನ್ನಿ, ಆದ್ರೆ ಆ ವರ್ಷ ಮರ ಹತ್ತಲಿಲ್ಲ. ಅಷ್ಟು ದಿನವೂ ಅಂಟ್ಕೊಳ್ಳುತ್ತೆ ಅಂತ ಹೆದರಿ ನಮ್ಮನೆ ನೀರು ಯಾರೂ ಮುಟ್ಟಲಿಲ್ಲ, ಆದ್ರೆ ಇದು ಮನುಷ್ಯರಿಂದ ಮನುಷ್ಯರಿಗೆ ಹರಡೋದೇ ಇಲ್ಲ, ದಯವಿಟ್ಟು ಇದನ್ನ ಮನೇಲಿ ಹೇಳಿ.

ಅವರ ಭಕ್ತಿ ತಪ್ಪು ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಮಂಗ ಸತ್ತು ಮೈ ತಣ್ಣಗಾದ್ರೆ ಉಣುಗೆಲ್ಲ ಇಳಿದು ಸುತ್ತಲ ದರಗಿಗೆ ಸೇರ್ಕೊಳ್ತವೆ, ಎಳ್ಳುಕಾಳಿನಷ್ಟು ಮರಿ, ಕಣ್ಣಿಗೆ ಬೀಳಲ್ಲ. ಕೈ ಮುಗೀರಿ, ಮುಟ್ಟಬೇಡಿ, ಆಶಾ ಅಕ್ಕಂಗೆ ಫೋನ್ ಮಾಡಿ. ಇಲಾಖೆಯೋರು ಬಂದು ಔಷಧಿ ಹೊಡೆದು ಸುಟ್ಟ ಮೇಲೆ ಬೇಕಾದ್ರೆ ಅಲ್ಲೇ ಕಾಯಿ ಒಡೀರಿ.

ಬೆಳ್ತಂಗಡಿ ಕಡೆ ಗೇರು ತೋಟಕ್ಕೆ ಕಾಡು ಕಡಿದ ಮೇಲೆ 1983ರಲ್ಲಿ ಈ ಕಾಯಿಲೆ ಹಬ್ಬಿದ್ದು, 2019ರಲ್ಲಿ ಸಾಗರದ ಅರಳಗೋಡಲ್ಲಿ ಹಬ್ಬಿದ್ದು, ಎರಡೂ ಹೇಳ್ಬೇಕಿತ್ತು, ಅಧ್ಯಕ್ಷರು ಆಗ್ಲೇ ಎರಡು ಸಲ ಗಡಿಯಾರ ನೋಡಿದ್ರು. ಲಸಿಕೆ ಬಗ್ಗೆ ಒಂದೇ ಮಾತು, ಹಳೇದರ ಶಕ್ತಿ ಸಾಲದು ಅಂತ ನಿಲ್ಲಿಸಿದಾರೆ, ಹೊಸದರ ಕೆಲಸ ನಡೀತಿದೆ. ಅಲ್ಲೀವರೆಗೆ ಕಾಡಿಗೆ ಹೋಗೋ ಮುಂಚೆ ಆರೋಗ್ಯ ಇಲಾಖೆಯೋರು ಕೊಡೋ ಎಣ್ಣೆ ಹಚ್ಚಿ, ಬಂದ್ಕೂಡ್ಲೆ ಬಟ್ಟೆ ಬಿಸಿನೀರಿಗೆ ಹಾಕಿ, ಮಂಗ ಸತ್ತಿದ್ದು ಕಂಡ್ರೆ... ಸರಿ, ಅದನ್ನ ನೀವೇ ಹೇಳ್ತೀರಿ ಈಗ. ಹಿಂದೆ ಕೂತಿರೋ ಅಣ್ಣ ಆವಾಗಿಂದ ಕೈ ಎತ್ತಿದಾರೆ, ಮೈಕ್ ಅವರಿಗೆ ಕೊಡಿ.