ಉದ್ಯಾನಕ್ಕೆಂದು ಬಿಟ್ಟ ಜಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ಬಡಾವಣೆಯ ಉದ್ಯಾನದ ಕಲ್ಲುಬೆಂಚಿನ ಮೇಲೆ ಕುಳಿತವರು, ಈ ಜಾಗ ಹೇಗೆ ಉಳಿಯಿತು ಎಂದು ಕೇಳುವುದಿಲ್ಲ. ಹೊಂಗೆಯ ನೆರಳಿದೆ, ಮಕ್ಕಳ ಗದ್ದಲವಿದೆ, ಗೇಟಿನ ಬಳಿ ಹುರಿದ ಕಡಲೆಕಾಯಿಯ ಗಾಡಿಯಿದೆ, ಇನ್ನೇನು ಬೇಕು? ಆದರೆ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಇಂತಹ ಒಂದು ಜಾಗಕ್ಕಾಗಿ ನೆರೆಹೊರೆಯವರು ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು.

ಬಡಾವಣೆಯ ಯೋಜನೆಯಲ್ಲಿ ಅದು ಉದ್ಯಾನಕ್ಕೆಂದು ಬಿಟ್ಟ ಜಾಗ. 1976ರಲ್ಲಿ ಸರ್ಕಾರದ ಆದೇಶದಂತೆ ಅದನ್ನು ಖಾಸಗಿ ನರ್ಸಿಂಗ್ ಹೋಂ ಕಟ್ಟಲೆಂದು ಒಂದು ಟ್ರಸ್ಟಿಗೆ ಕೊಡಲಾಯಿತು. ನಿವಾಸಿಗಳು ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ದೆಹಲಿಗೆ ಮೇಲ್ಮನವಿ ಒಯ್ದಿತು. ಇದನ್ನು ಕೇಳಲು ಇವರು ಯಾರು ಎಂಬ ತಕರಾರೂ ಬಂತು. ಮನೆಯ ಮುಂದಿನ ಗಾಳಿ ಬೆಳಕು ಕಳೆದುಕೊಳ್ಳುವವರು ಕೇಳದಿದ್ದರೆ ಇನ್ನಾರು ಕೇಳಬೇಕು?

ನಿಜ ಹೇಳಬೇಕೆಂದರೆ, ಆಸ್ಪತ್ರೆ ಬೇಡ ಎಂದು ವಾದಿಸುವುದು ಮುಜುಗರದ ಕೆಲಸ. ಕೇಳಿದವರು ಇವರೆಂತಹ ಸ್ವಾರ್ಥಿಗಳು ಎಂದಾರು. 1991ರಲ್ಲಿ ನ್ಯಾಯಮೂರ್ತಿಗಳಾದ ಥೊಮ್ಮೆನ್ ಮತ್ತು ಸಹಾಯ್ ಆ ಮುಜುಗರವನ್ನೇ ಕಳೆದರು. ಉದ್ಯಾನ ತೆಗೆದು ಕಳೆದುಕೊಂಡದ್ದು ನರ್ಸಿಂಗ್ ಹೋಂ ಕಟ್ಟಿದರೆ ಮರಳಿ ಬಾರದು, ರೋಗ ಬಂದಮೇಲಿನ ಮದ್ದಿಗಿಂತ ಬಾರದಂತೆ ನೋಡಿಕೊಳ್ಳುವುದೇ ಮೇಲು ಎಂಬುದು ಅವರ ನಿಲುವು. ಒಂದು ಕಾಲಕ್ಕೆ ಉದ್ಯಾನ ಅರಸರ, ಸಿರಿವಂತರ ಸೊತ್ತಾಗಿತ್ತು. ಈಗ ಅದು ಜನರು ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಎಂದೂ ತೀರ್ಪು ಹೇಳಿತು. ಮೇಲ್ಮನವಿ ವಜಾ ಆಯಿತು, ಜಾಗ ಉಳಿಯಿತು. ಅಷ್ಟರಲ್ಲಿ ಉದ್ಯಾನ, ಆಟದ ಮೈದಾನಗಳನ್ನು ಕಾಯುವ 1985ರ ರಾಜ್ಯ ಕಾಯ್ದೆಯೂ ಬಂದಿತ್ತು.

ಉಡುಗೊರೆ ಎಂದೆನಲ್ಲ, ಅದಕ್ಕೆ ಬೀಗ ಹಾಕುವವರೂ ನಾವೇ. ಬಹುಕಾಲ ನಗರದ ಉದ್ಯಾನಗಳಿಗೆ ನಡುಹಗಲಿನಲ್ಲಿ ಬೀಗ ಬೀಳುತ್ತಿತ್ತು. ಬೆಳಗಿನ ನಡಿಗೆಯವರಿಗೆ ಅದರಿಂದ ನಷ್ಟವಿಲ್ಲ. ನಾಲ್ಕು ಮನೆ ಕೆಲಸ ಮುಗಿಸಿ ಬುತ್ತಿ ಬಿಚ್ಚಲು ನೆರಳು ಹುಡುಕುವ ಹೆಂಗಸು ಮಾತ್ರ ಹೊರಗೇ ಉಳಿಯುತ್ತಿದ್ದಳು. 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ಸೂಚನೆ ಹೊರಬಿತ್ತು. ನಾಳೆ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಬೀದಿಯ ಉದ್ಯಾನದ ಗೇಟನ್ನು ಒಮ್ಮೆ ತಳ್ಳಿ ನೋಡಿ. ನಮಸ್ಕಾರ.