ನೀವು ಯಾರ ಕಡೆಯವರು?

ಕೇಳುಗರಿಗೆ ನಮಸ್ಕಾರ.

2012ರ ಸೆಪ್ಟೆಂಬರ್ 5. ಅಮೆರಿಕದ ಷಾರ್ಲಟ್ ನಗರದಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ನಡೆಯುತ್ತಿತ್ತು. ಒಬಾಮಾ ಎರಡನೇ ಸಲ ಅಭ್ಯರ್ಥಿಯಾಗುವ ಸಂಭ್ರಮ. ಆದರೆ ಪಕ್ಷದ ಪ್ರಣಾಳಿಕೆಯಿಂದ ಒಂದು ಮಾತು ಬಿಟ್ಟುಹೋಗಿತ್ತು. ಜೆರುಸಲೇಮ್ ಇಸ್ರೇಲಿನ ರಾಜಧಾನಿ ಎನ್ನುವ ಮಾತು. ಆ ಊರು ತಮ್ಮದೂ ಹೌದು ಎನ್ನುವವರು ಪ್ಯಾಲೆಸ್ಟೀನಿಯರು. ರಿಪಬ್ಲಿಕನ್ನರು ಅದನ್ನೇ ಹಿಡಿದು ಜಗ್ಗಾಡಿದರು. ಚುನಾವಣೆ ಹತ್ತಿರ ಬಂದಿದೆ, ಯಾಕೆ ಬೇಕು ರಗಳೆ ಅಂತ ಪಕ್ಷದ ದೊಡ್ಡವರು ಅದನ್ನು ಮತ್ತೆ ಸೇರಿಸಲು ಹೊರಟರು.

ಸೇರಿಸಬೇಕಾದರೆ ಪ್ರತಿನಿಧಿಗಳಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಅಧ್ಯಕ್ಷತೆ ವಹಿಸಿದ್ದವರು ಲಾಸ್ ಏಂಜಲೀಸ್ ಮೇಯರ್ ಆಂಟೋನಿಯೋ ವಿಯಾರೈಗೋಸ. ಒಪ್ಪುವವರು ಕೂಗಿ ಎಂದರು. ಕೂಗಿದರು. ಒಪ್ಪದವರು ಕೂಗಿ ಎಂದರು. ಅವರೂ ಅಷ್ಟೇ ಜೋರಾಗಿ ಕೂಗಿದರು. ಮೇಯರ್ ತಬ್ಬಿಬ್ಬಾದರು. ಇನ್ನೊಮ್ಮೆ ಕೇಳಿದರು. ಮತ್ತೆ ಅದೇ ಕಥೆ. ವೇದಿಕೆಯಲ್ಲಿದ್ದವರೊಬ್ಬರು ಹತ್ತಿರ ಬಂದು ಏನೋ ಹೇಳಿ ಹೋದರು. ಮೂರನೇ ಸಲ ಕೇಳಿ, ಮೂರರಲ್ಲಿ ಎರಡು ಪಾಲು ಒಪ್ಪಿದ್ದಾರೆ ಎಂದು ಘೋಷಿಸಿಬಿಟ್ಟರು. ಸಭಾಂಗಣದಲ್ಲಿ ಗದ್ದಲವೋ ಗದ್ದಲ.

ಅವತ್ತು ಅಲ್ಲಿ ಕೂಗಿದವರೆಲ್ಲ ಜೆರುಸಲೇಮ್ ಬಗ್ಗೆ ಕೂಗಿದರು ಅಂದುಕೊಂಡಿರಾ? ನನಗೆ ಹಾಗೆ ಅನ್ನಿಸುವುದಿಲ್ಲ. ಅರ್ಧ ಕೂಗು ಪಕ್ಷದ ಮೇಲಿನವರ ವಿರುದ್ಧ, ಇನ್ನರ್ಧ ಎದುರು ಪಕ್ಷಕ್ಕೆ ಉತ್ತರ ಕೊಡಲು. ಇಸ್ರೇಲ್-ಪ್ಯಾಲೆಸ್ಟೀನ್‌ನಂಥ ದೂರದ ಜಗಳವೊಂದು ಊರ ರಾಜಕೀಯಕ್ಕೆ ಸಿಕ್ಕಿದರೆ ಹೀಗೇ ಆಗುತ್ತದೆ. ಮದುವೆ ಮನೆಯಲ್ಲಿ ಕೇಳುತ್ತಾರಲ್ಲ, ನೀವು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಅಂತ, ಚರ್ಚೆ ಅಲ್ಲಿಗೇ ಶುರುವಾಗಿ ಅಲ್ಲಿಗೇ ಮುಗಿಯುತ್ತದೆ.

ಈಗ ಅಮೆರಿಕದಲ್ಲಿ ರಿಪಬ್ಲಿಕನ್ ಅಂದರೆ ಇಸ್ರೇಲ್ ಕಡೆ, ಎಡಕ್ಕೆ ವಾಲಿದ ಡೆಮಾಕ್ರಟ್ ಅಂದರೆ ಪ್ಯಾಲೆಸ್ಟೀನ್ ಕಡೆ ಎನ್ನುವಂತಾಗಿದೆ. ಇದು ತಲೆತಲಾಂತರದಿಂದ ಬಂದದ್ದಲ್ಲ. 1948ರ ಮೇ 14ರಂದು, ಇಸ್ರೇಲ್ ಹುಟ್ಟಿದ ಹನ್ನೊಂದೇ ನಿಮಿಷಕ್ಕೆ ಅದಕ್ಕೆ ಮಾನ್ಯತೆ ಕೊಟ್ಟವರು ಡೆಮಾಕ್ರಟ್ ಅಧ್ಯಕ್ಷ ಟ್ರೂಮನ್. ಎಷ್ಟು ಅವಸರ ಅಂದರೆ, ಟೈಪ್ ಮಾಡಿದ ಹೇಳಿಕೆಯಲ್ಲಿ ಹೊಸ ದೇಶದ ಹೆಸರೇ ಇರಲಿಲ್ಲ. 'ಇಸ್ರೇಲ್' ಎಂದು ಆಮೇಲೆ ಕೈಯಲ್ಲಿ ಬರೆದು ಸೇರಿಸಿದರು. ಅವರ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್‌ಗೆ ಇದು ಒಂಚೂರೂ ಇಷ್ಟವಿರಲಿಲ್ಲ. ಇದು ಚುನಾವಣೆಯ ಲೆಕ್ಕಾಚಾರ ಎಂದು ಅವರ ಸಿಟ್ಟು. ಈ ಸಲಹೆ ಕೇಳಿದರೆ, ನಾನು ಮತ ಹಾಕುವವನಾದರೆ ನಿಮ್ಮ ವಿರುದ್ಧವೇ ಹಾಕುತ್ತೇನೆ ಎಂದು ಅಧ್ಯಕ್ಷರ ಮುಖಕ್ಕೇ ಹೇಳಿದರು.

ಇನ್ನು ರಿಪಬ್ಲಿಕನ್ನರು? 1956ರಲ್ಲಿ ಈಜಿಪ್ಟಿನ ಸಿನಾಯ್ ಹಿಡಿದ ಇಸ್ರೇಲನ್ನು ಅಲ್ಲಿಂದ ಹೊರಡಿಸಿದ್ದು ರಿಪಬ್ಲಿಕನ್ ಐಸೆನ್‌ಹೋವರ್. ದಿಗ್ಬಂಧನದ ಬೆದರಿಕೆ ಹಾಕಿದರು. ಅದು ಕೂಡದು ಎಂದು ಇಸ್ರೇಲ್ ಪರ ನಿಂತದ್ದು ಸೆನೆಟ್‌ನಲ್ಲಿದ್ದ ಡೆಮಾಕ್ರಟ್ ನಾಯಕ ಲಿಂಡನ್ ಜಾನ್ಸನ್. 1991ರಲ್ಲಿ, ಹಿಡಿದಿಟ್ಟುಕೊಂಡ ಜಾಗದಲ್ಲಿ ಯಹೂದಿ ವಸಾಹತು ಕಟ್ಟುವುದು ನಿಲ್ಲಿಸಿ ಎಂದು 1,000 ಕೋಟಿ ಡಾಲರ್ ಸಾಲದ ಜಾಮೀನನ್ನು ತಡೆಹಿಡಿದ ಹಿರಿಯ ಬುಷ್ ಕೂಡ ರಿಪಬ್ಲಿಕನ್ನೇ. ಇವತ್ತು ಆ ಪಕ್ಷದಲ್ಲಿ ಯಾರಾದರೂ ಹಾಗೆ ಮಾಡಿದರೆ ಮುಂದಿನ ಸಲ ಟಿಕೆಟ್ ಸಿಗುವುದು ಕಷ್ಟ.

ನಮ್ಮ ದೇಶದಲ್ಲೂ ಗೆರೆ ಅಷ್ಟು ನೆಟ್ಟಗಿಲ್ಲ. 1947ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ಯಾಲೆಸ್ಟೀನ್ ವಿಭಜನೆಯ ವಿರುದ್ಧ ಮತ ಹಾಕಿದ್ದು ಭಾರತ. 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದು ಕಾಂಗ್ರೆಸ್ಸಿನ ನರಸಿಂಹ ರಾವ್. 1977ರಲ್ಲಿ ಜನತಾ ಪಕ್ಷ ಗೆದ್ದಾಗ ದೆಹಲಿಯ ಸಭೆಯೊಂದರಲ್ಲಿ, ಇಸ್ರೇಲ್ ಹಿಡಿದಿಟ್ಟುಕೊಂಡ ಅರಬರ ಜಮೀನನ್ನು ತೆರವು ಮಾಡಲೇಬೇಕು ಎಂದವರು ವಾಜಪೇಯಿ. ಇಸ್ರೇಲಿಗೆ ಹೋದ ಮೊದಲ ಭಾರತದ ಪ್ರಧಾನಿ ಮೋದಿ. ಮರುವರ್ಷ, 2018ರಲ್ಲಿ, ಪ್ಯಾಲೆಸ್ಟೀನಿಯರ ಆಡಳಿತವಿರುವ ರಮಲ್ಲಾಕ್ಕೆ ಹೋದ ಮೊದಲ ಪ್ರಧಾನಿಯೂ ಅವರೇ. ವಾಟ್ಸ್ಯಾಪ್‌ನಲ್ಲಿ ಬಾವುಟದ ಚಿತ್ರ ಹಾಕಿ ಜಗಳ ಆಡುವವರಿಗೆ ಇದೆಲ್ಲ ಹೇಳಿದರೆ ಗ್ರೂಪಿನಿಂದಲೇ ತೆಗೆದುಹಾಕುತ್ತಾರೆ, ಬಿಡಿ.

ಅಮೆರಿಕಕ್ಕೇ ಬರೋಣ. ಅಲ್ಲಿ ಗೆರೆ ಯಾವಾಗ ಗಟ್ಟಿಯಾಯಿತು? ಒಂದು ದಿನದಲ್ಲಿ ಆದದ್ದಲ್ಲ. ಬೈಬಲ್ಲಿನ ಮಾತಿಗೆ ಇಸ್ರೇಲನ್ನು ಜೋಡಿಸಿ ನೋಡುವ ಇವ್ಯಾಂಜೆಲಿಕಲ್ ಕ್ರೈಸ್ತರು ರಿಪಬ್ಲಿಕನ್ ಪಕ್ಷದ ಬೆನ್ನೆಲುಬಾದರು. ಡೆಮಾಕ್ರಟ್ ಪಕ್ಷದ ಹೊಸ ತಲೆಮಾರು ಪ್ಯಾಲೆಸ್ಟೀನಿಯರ ಸ್ಥಿತಿಯನ್ನು ಹಕ್ಕಿನ ಪ್ರಶ್ನೆಯಾಗಿ ನೋಡತೊಡಗಿತು. ಆದರೆ ಎಲ್ಲರ ಕಣ್ಣಿಗೆ ಬಿದ್ದದ್ದು 2015ರ ಮಾರ್ಚ್ 3. ಶ್ವೇತಭವನಕ್ಕೆ ಒಂದು ಮಾತೂ ಕೇಳದೆ ರಿಪಬ್ಲಿಕನ್ ಸ್ಪೀಕರ್ ಜಾನ್ ಬೇನರ್ ಅವರು ಇಸ್ರೇಲ್ ಪ್ರಧಾನಿ ನೆತನ್ಯಾಹು ಅವರನ್ನು ಭಾಷಣಕ್ಕೆ ಕರೆದರು. ಒಬಾಮಾ ಇರಾನ್ ಜೊತೆ ಮಾಡಿಕೊಳ್ಳುತ್ತಿದ್ದ ಒಪ್ಪಂದವನ್ನು ಒಬಾಮಾ ಅವರದೇ ಸಂಸತ್ತಿನಲ್ಲಿ ನಿಂತು ಬಯ್ಯಲು! ಐವತ್ತಕ್ಕೂ ಹೆಚ್ಚು ಡೆಮಾಕ್ರಟ್ ಸದಸ್ಯರು ಒಳಗೆ ಕಾಲಿಡಲಿಲ್ಲ. ಇಸ್ರೇಲ್ ಎರಡೂ ಪಕ್ಷದವರಿಗೆ ಸೇರಿದ್ದು ಎನ್ನುವ ಹಳೇ ಮಾತಿಗೆ ಅವತ್ತು ದೊಡ್ಡ ಪೆಟ್ಟು ಬಿತ್ತು. ವಿಚಿತ್ರ ಏನೆಂದರೆ, ಅಮೆರಿಕದ ಯಹೂದಿಗಳಲ್ಲಿ ಜಾಸ್ತಿ ಜನ ಆಗಲೂ ಡೆಮಾಕ್ರಟರಿಗೇ ಮತ ಹಾಕುತ್ತಿದ್ದರು, ಈಗಲೂ ಹಾಕುತ್ತಾರೆ.

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. 251 ಜನರನ್ನು ಒತ್ತೆಯಾಳುಗಳಾಗಿ ಹೊತ್ತೊಯ್ದರು. ಆಮೇಲಿನ ಯುದ್ಧದಲ್ಲಿ, ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 60,000ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಸತ್ತರು. ಇಂಥ ಹೊತ್ತಲ್ಲೂ ವಾಷಿಂಗ್ಟನ್‌ನಲ್ಲಿ ನಡೆದದ್ದು ಮತದ ಲೆಕ್ಕ. ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ನೋಡಿ. ಅರಬ್ ಮೂಲದವರೇ ಜಾಸ್ತಿ ಇರುವ ಊರು. 2020ರಲ್ಲಿ ಅದು ಬೈಡನ್ ಕೈ ಹಿಡಿದಿತ್ತು. 2024ರ ಫೆಬ್ರವರಿಯಲ್ಲಿ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, ಆ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ಡೆಮಾಕ್ರಟ್ ಮತದಾರರು ಬೈಡನ್ ಬಿಟ್ಟು 'ಯಾರಿಗೂ ಬದ್ಧರಲ್ಲ' ಎಂದು ಗುರುತು ಹಾಕಿದರು. ನವೆಂಬರ್‌ನಲ್ಲಿ ಡಿಯರ್‌ಬಾರ್ನ್‌ನಲ್ಲಿ ಮುಂದೆ ಬಂದದ್ದು ಟ್ರಂಪ್. ಮೂರೇ ತಿಂಗಳಲ್ಲಿ ಅದೇ ಟ್ರಂಪ್, ಗಾಜಾ ಜನರನ್ನು ಬೇರೆ ದೇಶಗಳಿಗೆ ಕಳಿಸಿ ಆ ಜಾಗವನ್ನು ಅಮೆರಿಕ ವಹಿಸಿಕೊಳ್ಳುತ್ತದೆ ಎಂದರು. ಸಿಟ್ಟಿನಲ್ಲಿ ಹಾಕಿದ ಮತ ಎಲ್ಲಿಗೆ ಹೋಗಿ ಮುಟ್ಟುತ್ತದೆ, ಹೇಳಲಾಗದು ಅಲ್ವಾ?

ಈ ಪಕ್ಷ ಚರ್ಚೆಯಲ್ಲಿ ನನಗೆ ಜಾಸ್ತಿ ಬೇಸರ ತರುವುದು ಇನ್ನೊಂದು. ಅಲ್ಲಿನ ಎರಡು ಜನಾಂಗಗಳನ್ನು ಇಬ್ಬರೇ ವ್ಯಕ್ತಿಗಳು ಎನ್ನುವಂತೆ ಮಾತಾಡುತ್ತಾರೆ. ಇಸ್ರೇಲ್ ಹೀಗಂತೆ, ಪ್ಯಾಲೆಸ್ಟೀನ್ ಹಾಗಂತೆ. ನಿಜವಾದ ಜಟಾಪಟಿ ಅವರವರ ಮನೆಯೊಳಗೇ ಇದೆ. 1995ರ ಅಕ್ಟೋಬರ್‌ನಲ್ಲಿ ಪ್ಯಾಲೆಸ್ಟೀನಿಯರ ಜೊತೆಗಿನ ಎರಡನೇ ಓಸ್ಲೋ ಶಾಂತಿ ಒಪ್ಪಂದ ಇಸ್ರೇಲ್ ಸಂಸತ್ತಿನಲ್ಲಿ ಪಾಸಾದದ್ದು 61ಕ್ಕೆ 59 ಮತಗಳಲ್ಲಿ. ಅದೇ ಹೊತ್ತಿಗೆ ಜೆರುಸಲೇಮಿನ ಝಯಾನ್ ಚೌಕದಲ್ಲಿ, ಪ್ರಧಾನಿ ರಾಬಿನ್‌ಗೆ ನಾಜಿ ಸಮವಸ್ತ್ರ ತೊಡಿಸಿದ ಚಿತ್ರ ಹಿಡಿದು ಜನ ಕೂಗುತ್ತಿದ್ದರು. ತಿಂಗಳೊಳಗೆ ರಾಬಿನ್ ಅವರನ್ನು ಕೊಂದವನು ಒಬ್ಬ ಯಹೂದಿ ಯುವಕ.

ಪ್ಯಾಲೆಸ್ಟೀನಿಯರಲ್ಲೂ ಪಕ್ಷ ರಾಜಕೀಯ ಇದೆ, ಅದೂ ನಮಗೆ ಚೆನ್ನಾಗಿ ಗೊತ್ತಿರುವಂಥದ್ದು. 2006ರ ಜನವರಿ ಚುನಾವಣೆಯಲ್ಲಿ ಹಮಾಸ್‌ಗೆ ಬಂದದ್ದು ಶೇಕಡ 44 ಮತ, ಅದರ ಎದುರಾಳಿ ಪಕ್ಷ ಫತಾಹ್‌ಗೆ 41. ಸೀಟು ಮಾತ್ರ 74ಕ್ಕೆ 45. ಯಾಕೆ? ಫತಾಹ್ ಭ್ರಷ್ಟಾಚಾರದ ಮೇಲೆ ಜನರ ಸಿಟ್ಟು ಒಂದು ಕಡೆ. ಇನ್ನೊಂದು ಕಡೆ, ಫತಾಹ್‌ನವರೇ ಒಬ್ಬರ ಎದುರು ಒಬ್ಬರು ನಿಂತು ಮತ ಒಡೆದರು. ಬಂಡಾಯ ಅಭ್ಯರ್ಥಿ ಅಂದರೆ ನಮಗೆ ವಿವರಿಸಬೇಕಾಗಿಲ್ಲ. 2007ರಲ್ಲಿ ಎರಡೂ ಬಣ ಬಂದೂಕು ಹಿಡಿದು ಗಾಜಾ ಹಮಾಸ್ ಪಾಲಾಯಿತು. ಆಮೇಲೆ ಸಂಸತ್ತಿಗೆ ಚುನಾವಣೆಯೇ ನಡೆದಿಲ್ಲ. 2021ರ ಮೇನಲ್ಲಿ ನಡೆಯಬೇಕಿದ್ದದ್ದನ್ನು ಪ್ಯಾಲೆಸ್ಟೀನ್ ಅಧ್ಯಕ್ಷ, ಫತಾಹ್ ನಾಯಕ ಅಬ್ಬಾಸ್ ಮುಂದೂಡಿದರು. ಈ ಯುದ್ಧ ಶುರುವಾದಾಗ ಗಾಜಾದಲ್ಲಿ ಹತ್ತಿರ ಹತ್ತಿರ ಅರ್ಧ ಜನ 18 ತುಂಬದವರು. 2006ರ ಮತಕ್ಕೂ ಆ ಮಕ್ಕಳಿಗೂ ಏನು ಸಂಬಂಧ? ಆದರೂ 'ಅವರೇ ಆರಿಸಿದ್ದಲ್ವಾ' ಎನ್ನುವವರಿದ್ದಾರೆ. 2025ರ ಮಾರ್ಚ್‌ನಲ್ಲಿ ಉತ್ತರ ಗಾಜಾದ ಬೇಯ್ತ್ ಲಾಹಿಯಾದಲ್ಲಿ ಜನ ಹಮಾಸ್ ವಿರುದ್ಧವೇ ಬೀದಿಗಿಳಿದರು. ಟೆಲ್ ಅವೀವ್‌ನಲ್ಲಿ ಒತ್ತೆಯಾಳುಗಳ ಮನೆಯವರು ತಮ್ಮ ಸರ್ಕಾರದ ವಿರುದ್ಧವೇ ಕೂಗಿದರು. ಎರಡೂ ಗುಂಪಿನ ಬೇಡಿಕೆ ಒಂದೇ ಆಗಿತ್ತು, ಯುದ್ಧ ನಿಲ್ಲಿಸಿ. ಅವರಿಗೆ ಹೋಗಿ ನೀವು ಯಾವ ಕಡೆ ಅಂತ ಕೇಳುವುದು ಹೇಗೆ?

ಅಷ್ಟರಲ್ಲಿ ಅಮೆರಿಕದ ಗೆರೆ ಮತ್ತೆ ಅಲುಗಾಡುತ್ತಿದೆ. 2025ರ ಜುಲೈ ಕೊನೆಯಲ್ಲಿ ಇಸ್ರೇಲಿಗೆ ಬಂದೂಕು ಮಾರುವುದನ್ನು ತಡೆಯುವ ನಿರ್ಣಯಕ್ಕೆ ಸೆನೆಟ್‌ನಲ್ಲಿ 27 ಮತ ಬಿದ್ದವು. ನಿರ್ಣಯ ಸೋತಿತು. ಆದರೆ ಡೆಮಾಕ್ರಟ್ ಬಣದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅದರ ಪರ ಇದ್ದರು. ರಿಪಬ್ಲಿಕನ್ನರಲ್ಲೂ ಈಗ ಒಳಜಗಳ. ಇಸ್ರೇಲಿಗೆ ಇಷ್ಟು ಬೆಂಬಲ ಯಾಕೆ ಎಂದು ಟಿವಿ ನಿರೂಪಕರಾಗಿದ್ದ ಟಕರ್ ಕಾರ್ಲ್‌ಸನ್ ಒಂದು ಕಡೆ ಎಳೆದರೆ, ಬೇಕೇ ಬೇಕು ಎಂದು ಸೆನೆಟರ್ ಟೆಡ್ ಕ್ರೂಝ್ ಇನ್ನೊಂದು ಕಡೆ ಎಳೆಯುತ್ತಾರೆ. ಮಾರ್ಜರಿ ಟೇಲರ್ ಗ್ರೀನ್ ಅಂಥ ಕಟ್ಟಾ ಬಲಪಂಥೀಯರೇ ಗಾಜಾದಲ್ಲಿ ನಡೆಯುತ್ತಿರುವುದು ನರಮೇಧ ಎಂದಿದ್ದಾರೆ. 2028ರ ಚುನಾವಣೆ ಹೊತ್ತಿಗೆ ಯಾವ ಪಕ್ಷ ಯಾವ ಕಡೆ ಇರುತ್ತದೆ ಅಂತ ನಾನಂತೂ ಪಣ ಕಟ್ಟಲಾರೆ.

ನಮಸ್ಕಾರ.