ಬೇಟೆಯ ಚಾಕು: ಅಲಗು ಎಷ್ಟುದ್ದ, ಮೊನೆ ಹೇಗಿರಬೇಕು?

[ದೃಶ್ಯ: ಮೇಜಿನ ಮೇಲೆ ನಾಲ್ಕು ಚಾಕು. ಒಂದರದ್ದು ಏಳು ಇಂಚಿನ ಅಲಗು, ಉಳಿದವು ಚಿಕ್ಕವು.]

ಎಲ್ಲರಿಗೂ ನಮಸ್ಕಾರ. ಬೇಟೆಗೆ ಚಾಕು ಕೊಳ್ಳಲು ಹೋದವರ ಕೈ ಮೊದಲು ಹೋಗುವುದು ಈ ದೊಡ್ಡದರ ಕಡೆಗೇ. ಉದ್ದ ಅಲಗು, ದಪ್ಪ ಬೆನ್ನು, ಅಂದರೆ ಅಲಗಿನ ಹರಿತವಿಲ್ಲದ ಅಂಚು. ಎಂಥಾ ಕೆಲಸಕ್ಕೂ ಸೈ ಅನ್ನಿಸುತ್ತದೆ, ಅಲ್ವಾ? ಆದರೆ ಜಿಂಕೆಯ ಒಳಾಂಗ ತೆಗೆಯಲು, ಚರ್ಮ ಸುಲಿಯಲು ಇದು ಬರೀ ತೊಡಕು. ನನ್ನ ಮಾತು ಇಷ್ಟೇ: ಮೊನೆ ಎಲ್ಲಿದೆ ಅಂತ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುವಂಥ ಚಾಕು ಕೊಳ್ಳಿ.

ಕಾನೂನು ಒಪ್ಪುವ ಜಾಗದಲ್ಲಿ, ಲೈಸೆನ್ಸ್ ಪಡೆದು ಮಾಡುವ ಬೇಟೆಯ ಬಗ್ಗೆ ಮಾತ್ರ ಇಲ್ಲಿ ಮಾತು.

ಪ್ರಾಣಿ ಸತ್ತ ಮೇಲೂ ಮೈಯ ಬಿಸಿ ಬೇಗ ಆರುವುದಿಲ್ಲ. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ ಮಾಂಸ ಕೆಡುತ್ತದೆ. ಅದನ್ನು ಆದಷ್ಟು ಬೇಗ 4 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ತಣಿಸಬೇಕು. ಅದಕ್ಕೇ ಕರುಳು, ಜಠರ ಎಲ್ಲವನ್ನೂ ಬಿದ್ದ ಜಾಗದಲ್ಲೇ ತೆಗೆದುಬಿಡುತ್ತಾರೆ. ಇದೇ ಫೀಲ್ಡ್ ಡ್ರೆಸ್ಸಿಂಗ್.

[ದೃಶ್ಯ: ಕೈ ಮಾತ್ರ ಕಾಣುವಂತೆ, ತೀರಾ ಹತ್ತಿರದಿಂದ.]

ಈಗ ಕೈ ನೋಡಿ. ಹೊಟ್ಟೆಯ ಚರ್ಮದಲ್ಲಿ ಮೊದಲು ಒಂದು ಚಿಕ್ಕ ತೂತು. ಅದರೊಳಗೆ ಎಡಗೈಯ ಎರಡು ಬೆರಳು ಇಳಿಸಿ, ಸ್ವಲ್ಪ ಅಗಲಿಸಿ, ಕರುಳನ್ನು ಕೆಳಕ್ಕೆ ಒತ್ತಿ ಹಿಡಿಯುತ್ತೇವೆ. ಆ ಬೆರಳುಗಳ ನಡುವೆ ಅಲಗು. ಹರಿತದ ಕಡೆ ಮೇಲಕ್ಕೆ. ಒಳಗಿನಿಂದ ಹೊರಕ್ಕೆ ಕೊಯ್ಯುತ್ತಾ ಮುಂದಕ್ಕೆ ಹೋಗುತ್ತೇವೆ.

ಮೇಲಿನಿಂದ ಯಾಕೆ ಕೊಯ್ಯಬಾರದು? ರೋಮದ ತುಂಬಾ ಮಣ್ಣು, ಮರಳು ಇರುತ್ತದೆ. ಅದನ್ನು ಕೊಯ್ದರೆ ಚಾಕು ಬೇಗ ಮೊಂಡಾಗುತ್ತದೆ. ತುಂಡಾದ ರೋಮ ಮಾಂಸಕ್ಕೆ ಮೆತ್ತಿಕೊಂಡರೆ ತೆಗೆಯುವುದು ದೊಡ್ಡ ರಗಳೆ. ಅದಕ್ಕಿಂತ ಮುಖ್ಯವಾದದ್ದು, ಮೊನೆ ಸ್ವಲ್ಪ ಕೆಳಗಿಳಿದರೂ ಜಠರವೋ ಮೂತ್ರಕೋಶವೋ ತೂತಾಗುತ್ತದೆ. ಒಳಗಿನದು ಚೆಲ್ಲಿ ಒಳ್ಳೆಯ ಮಾಂಸ ಹಾಳಾಗುತ್ತದೆ. ಒಂದು ಪ್ರಾಣಿಯನ್ನು ಕೊಂದ ಮೇಲೆ ಅದರ ಮಾಂಸ ದಂಡವಾಗಬಾರದು. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ.

ಈ ಕೆಲಸ ನಡೆಯುವಾಗ ಮೊನೆ ಒಳಗೆ ಇರುತ್ತದೆ, ಕಾಣುವುದಿಲ್ಲ. ಏಳು ಇಂಚಿನ ಅಲಗಿನ ತುದಿ ಎಲ್ಲಿ ತಾಗುತ್ತಿದೆ ಅಂತ ಹೇಗೆ ಗೊತ್ತಾಗಬೇಕು? ಮೂರರಿಂದ ನಾಲ್ಕು ಇಂಚು ಸಾಕು. ತೋರುಬೆರಳನ್ನು ಬೆನ್ನಿನ ಮೇಲೆ ಚಾಚಿದರೆ ತುದಿಯ ಹತ್ತಿರಕ್ಕೇ ಬರುತ್ತದೆ. ಮೊಲ, ಹಕ್ಕಿಗಳಿಗೆ ಇನ್ನೂ ಚಿಕ್ಕದಿದ್ದರೂ ನಡೆಯುತ್ತದೆ. ಬೆನ್ನಿನ ದಪ್ಪ 3 ಮಿಲಿಮೀಟರ್ ಆಸುಪಾಸು ಇದ್ದರೆ ಬೇಕಾದಷ್ಟಾಯಿತು.

[ದೃಶ್ಯ: ಎರಡು ಚಾಕುಗಳ ಮೊನೆ ಪಕ್ಕಪಕ್ಕದಲ್ಲಿ.]

ಎಡಗಡೆ ಇರುವುದು ಡ್ರಾಪ್ ಪಾಯಿಂಟ್. ಬೆನ್ನು ನಿಧಾನವಾಗಿ ಬಾಗಿ ಮೊನೆಗೆ ಇಳಿದಿದೆ. ಹರಿತದ ಕಡೆ ಮೇಲಿಟ್ಟು ಕೊಯ್ಯುವಾಗ ಇಂಥ ಮೊನೆ ಸುಲಭಕ್ಕೆ ಕರುಳಿಗೆ ಚುಚ್ಚುವುದಿಲ್ಲ. ಬೇಟೆ ಚಾಕುಗಳಲ್ಲಿ ಈ ಆಕಾರವನ್ನು ಜನಪ್ರಿಯ ಮಾಡಿದವರು ಅಮೆರಿಕದ ಚಾಕು ತಯಾರಕ ಬಾಬ್ ಲವ್‌ಲೆಸ್. ಬಲಗಡೆಯದು ಕ್ಲಿಪ್ ಪಾಯಿಂಟ್. ಬೆನ್ನನ್ನು ತುದಿಯಲ್ಲಿ ಕತ್ತರಿಸಿ ತೆಳ್ಳಗೆ ಮಾಡಿದ್ದಾರೆ. ನವಿರು ಕೆಲಸಕ್ಕೆ ಚೆನ್ನ, ಹೊಟ್ಟೆ ಸೀಳುವಾಗ ಮಾತ್ರ ಜಾಸ್ತಿ ಎಚ್ಚರ ಬೇಕು. ಒಂದೇ ಚಾಕು ಕೊಳ್ಳುವುದಾದರೆ ಡ್ರಾಪ್ ಪಾಯಿಂಟನ್ನೇ ತೆಗೆದುಕೊಳ್ಳಿ.

ಚರ್ಮ ಸುಲಿಯುವುದು ಬೇರೆ ಥರದ ಕೆಲಸ. ಅರ್ಧಕ್ಕರ್ಧ ಕೈಯಿಂದ ಎಳೆದೇ ಬಿಡಿಸುತ್ತೇವೆ. ಎಲ್ಲಿ ಬಿಳಿ ಪೊರೆ ಹಿಡಿದುಕೊಂಡಿದೆಯೋ ಅಲ್ಲಿ ಮಾತ್ರ ಅಲಗು ಸವರಬೇಕು. ಅದಕ್ಕೆ ಹರಿತದ ಕಡೆ ಚೆನ್ನಾಗಿ ಬಾಗಿರಬೇಕು. ಸ್ಕಿನ್ನರ್ ಅಂತ ಮಾರುವ ಚಾಕುಗಳಲ್ಲಿ ಈ ಬಾಗು ಎದ್ದು ಕಾಣುತ್ತದೆ. ಬೆನ್ನಿನಲ್ಲಿ ಕೊಕ್ಕೆ ಇರುವ ಗಟ್ ಹುಕ್ ಕೂಡ ಸಿಗುತ್ತದೆ. ಹೊಟ್ಟೆ ಸೀಳಲು ಸಲೀಸು, ನಿಜ. ಆದರೆ ಕೊಕ್ಕೆಯೊಳಗೆ ರೋಮ, ಕೊಬ್ಬು ಸಿಕ್ಕಿಕೊಳ್ಳುತ್ತದೆ, ಮಸೆಯಲು ದುಂಡನೆಯ ಅರ ಬೇಕು. ನಾನಂತೂ ಅದಕ್ಕೆ ದುಡ್ಡು ಹಾಕುವುದಿಲ್ಲ.

ಮಡಚುವ ಚಾಕು ಜೇಬಿಗೆ ಹಗುರ. ಆದರೆ ಕೀಲಿನೊಳಗೆ ಹೋದ ರಕ್ತ, ಕೊಬ್ಬು ತೊಳೆದು ತೆಗೆಯುವುದು ಕಷ್ಟ. ಮಡಚದ ಚಾಕುವಿನಲ್ಲಿ ಈ ಗೋಳಿಲ್ಲ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿದ್ದರೆ ಇನ್ನೂ ಗಟ್ಟಿ. ಅಲಗು ಬದಲಿಸುವ ಚಾಕುಗಳು ಈಗ ಜೋರಾಗಿ ಓಡುತ್ತಿವೆ. ಮಸೆಯುವ ಗೊಡವೆಯೇ ಇಲ್ಲ, ಹರಿತವೂ ಭಯಂಕರ. ಆದರೆ ಆ ಅಲಗು ತೀರಾ ತೆಳು. ಮೂಳೆ ಕೀಲಿನಲ್ಲಿ ತಿರುಚಿದರೆ ಟಕ್ಕನೆ ಮುರಿಯುತ್ತದೆ. ಮುರಿದ ಚೂರು ಸಿಗುವವರೆಗೂ ಆ ಮಾಂಸವನ್ನು ಮುಟ್ಟುವ ಹಾಗಿಲ್ಲ. ಎದೆಮೂಳೆ, ಸೊಂಟದ ಮೂಳೆಗೆ ಯಾವ ಚಾಕುವೂ ಬೇಡ, ಚಿಕ್ಕ ಗರಗಸ ಇಟ್ಟುಕೊಳ್ಳಿ.

ಉಕ್ಕಿನ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. 1095ರಂಥ ಕಾರ್ಬನ್ ಉಕ್ಕು ಮಸೆಯಲು ಸುಲಭ, ತುಕ್ಕೂ ಬೇಗ ಹಿಡಿಯುತ್ತದೆ. ರಕ್ತದಲ್ಲಿ ಉಪ್ಪು ಇದೆ, ಮರೆಯಬೇಡಿ. 2001ರಲ್ಲಿ ಬಂದ ಎಸ್30ವಿ ಎಂಬ ಸ್ಟೇನ್‌ಲೆಸ್ ಉಕ್ಕು ಹರಿತವನ್ನು ಬಹಳ ಹೊತ್ತು ಉಳಿಸಿಕೊಳ್ಳುತ್ತದೆ. ಅದೇ ಮೊಂಡಾದರೆ ಸಾಣೆ ಕಲ್ಲಿನ ಮೇಲೆ ಬೆವರಿಳಿಸುತ್ತದೆ. ಮೊದಲ ಚಾಕುವಿಗೆ 420ಎಚ್‌ಸಿ ಅಥವಾ 14ಸಿ28ಎನ್ ಎಂಬ ಸ್ಟೇನ್‌ಲೆಸ್ ಉಕ್ಕು ಸಾಕು. ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ, ಹತ್ತಾರು ಸಲ ಉಜ್ಜಿದರೆ ಮತ್ತೆ ಹರಿತ. ಒಂದೊಂದು ಬದಿಗೆ 20 ಡಿಗ್ರಿ ಕೋನ ಇಟ್ಟು ಮಸೆಯಿರಿ.

[ದೃಶ್ಯ: ಒದ್ದೆ ಗ್ಲೌಸ್ ಹಾಕಿದ ಕೈಯಲ್ಲಿ ಚಾಕು.]

ಉಕ್ಕಿಗಿಂತ ಹಿಡಿಯ ಮೇಲೆ ಗಮನ ಜಾಸ್ತಿ ಇರಲಿ. ರಕ್ತ, ಕೊಬ್ಬು ಮೆತ್ತಿದ ಕೈಯಲ್ಲಿ ನುಣುಪು ಹಿಡಿ ಜಾರುತ್ತದೆ. ಜಾರಿದ ಕೈ ನೇರ ಹೋಗುವುದು ಅಲಗಿನ ಮೇಲಕ್ಕೆ. ಹಿಡಿಯೂ ಅಲಗೂ ಸೇರುವಲ್ಲಿ ಬೆರಳು ತಡೆಯುವ ಉಬ್ಬು ಇರಲೇಬೇಕು. ಒರಟು ರಬ್ಬರ್, ಮೈಕಾರ್ಟಾ (ಬಟ್ಟೆಯ ಪದರಗಳನ್ನು ರಾಳದಲ್ಲಿ ಅಂಟಿಸಿ ಗಟ್ಟಿ ಮಾಡಿದ ವಸ್ತು) ಎರಡೂ ಒದ್ದೆಯಲ್ಲಿ ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಅಂಗಡಿಯಲ್ಲಿ ಚಾಕು ಒರೆಯಲ್ಲೇ ಇರಲಿ, ಗ್ಲೌಸ್ ಹಾಕಿ, ಕಣ್ಣು ಮುಚ್ಚಿ ಹಿಡಿದು ನೋಡಿ. ಹರಿತ ಯಾವ ಕಡೆಗಿದೆ ಅಂತ ಹಿಡಿಯ ಆಕಾರದಿಂದಲೇ ತಿಳಿಯಬೇಕು. ಕಿತ್ತಳೆ ಬಣ್ಣದ ಹಿಡಿ ಸಿಕ್ಕರೆ ಬಿಡಬೇಡಿ. ಒಣಗಿದ ಎಲೆಗಳ ನಡುವೆ ಇಟ್ಟ ಕಂದು ಹಿಡಿಯ ಚಾಕು ಸಂಜೆ ಹೊತ್ತಲ್ಲಿ ಕಾಣುವುದೇ ಇಲ್ಲ.

ಗ್ಲೌಸ್ ಅಂದೆನಲ್ಲ, ಕೆಲಸ ಮಾಡುವಾಗಲೂ ಅದು ಕೈಯಲ್ಲಿರಲಿ. ಮೊಲಗಳಿಂದ ಟುಲರೀಮಿಯಾ ಎಂಬ ಕಾಯಿಲೆ ಮನುಷ್ಯರಿಗೆ ಹರಡುತ್ತದೆ, ಕೈಮೇಲಿನ ಚಿಕ್ಕ ಗಾಯವೇ ಅದಕ್ಕೆ ಸಾಕು.

ಕೆಲಸ ಮುಗಿದ ಮೇಲೆ ಚಾಕುವನ್ನು ಸೋಪು ಹಾಕಿ ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಅದು ತೇವ ಹೀರಿಕೊಂಡು ಅಲಗಿಗೆ ತುಕ್ಕು ಹತ್ತಿಸುತ್ತದೆ. ಪ್ಲಾಸ್ಟಿಕ್ ಒರೆಯಾದರೆ ಚಾಕುವಿನ ಜೊತೆಗೇ ತೊಳೆದುಬಿಡಬಹುದು.